ತುದಿ ಮುಟ್ಟದವನ ಪರವಾಗಿ

ಮೊದಲೇ ಹೇಳಿಬಿಡ್ತೀನಿ, ಇದು ಚಾರಣ ಕಥನ ಅಲ್ಲ. ಇದು ಜಗಳ. ಅರ್ಧ ನಿಮ್ಮ ಜೊತೆ, ಇನ್ನರ್ಧ ನನ್ನ ಜೊತೆಗೇ.

"ಕೆಪಿ ಆಯ್ತಾ?" ಅನ್ನೋದು ನಮ್ಮ ಆಫೀಸಿನಲ್ಲಿ ಸೋಮವಾರ ಬೆಳಗ್ಗೆ ಕಾಫಿ ಮೆಷಿನ್ ಹತ್ತಿರ ಕೇಳೋ ಪ್ರಶ್ನೆ. ಕೆಪಿ ಅಂದ್ರೆ ಕುಮಾರ ಪರ್ವತ. "ಆಯ್ತು" ಅಂದ್ರೆ ತುದಿ ಮುಟ್ಟಿದೆ ಅಂತ ಅರ್ಥ. ಶೇಷ ಪರ್ವತದವರೆಗೆ ಹೋಗಿ ವಾಪಸ್ ಬಂದೆ ಅಂದ್ರೆ ಎದುರಿನವರು "ಓಹ್" ಅಂತಾರೆ ನೋಡಿ, ಆ "ಓಹ್" ಇದೆಯಲ್ಲ, ನನ್ನ ಜಗಳ ಅದರ ಜೊತೆ. ಬೆಟ್ಟ ಹತ್ತೋದು ನಮಗೆ ಪೆಂಡಿಂಗ್ ಇರುವ ಟಿಕೆಟ್ ಕ್ಲೋಸ್ ಮಾಡಿದ ಹಾಗೆ ಆಗಿಬಿಟ್ಟಿದೆ. ಮುಳ್ಳಯ್ಯನಗಿರಿ ಡನ್, ತಡಿಯಂಡಮೋಳ್ ಡನ್, ಕೊಡಚಾದ್ರಿ ಡನ್. ಸಾಲದ್ದಕ್ಕೆ ಬರೆಯೋವಾಗ "ಗೆದ್ದೆವು" ಅಂತ ಬೇರೆ! ಯಾರನ್ನು ಗೆದ್ದಿರಿ ಸ್ವಾಮಿ? ಅದು ಅಲ್ಲೇ ನಿಂತಿತ್ತು, ನೀವು ಬಂದದ್ದೂ ಅದಕ್ಕೆ ಗೊತ್ತಿಲ್ಲ.

ನಾನೂ ಹೀಗೇ ಬರೆದವನು, ಹೀಗೇ ನಡೆದವನು. ಹೋದ ಕಾರ್ತಿಕದ ಒಂದು ಶನಿವಾರದ ತನಕ.

ಜೊತೆಗಿದ್ದವನು ಹಾಸ್ಟೆಲ್ ಕಾಲದ ಗೆಳೆಯ. ಅಲ್ಲಿ ಎಲ್ಲರೂ ಅವನನ್ನು "ಭಾವ" ಅಂತಿದ್ವಿ, ಇಲ್ಲೂ ಹಾಗೇ ಇರಲಿ. ಊರಿಂದ ಎರಡು ದಿನಕ್ಕೆ ಬಂದಿದ್ದ. ಪ್ಲಾನ್ ನನ್ನದೇ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಟ್ಟ, ಭಾನುವಾರ ಬೆಂಗಳೂರು ಸುತ್ತಾಟ. ಎಕ್ಸೆಲ್ ಶೀಟಿನಲ್ಲಿ ಹಾಕಿದ್ದೆ, ನಗಬೇಡಿ.

ಬೆಟ್ಟದ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಕುಮಾರ ಪರ್ವತ 1712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ ನಿಜ, ಆದರೆ ಅಲ್ಲಿ ಬೆಟ್ಟದ ಮೇಲಿನವರೆಗೂ ರಸ್ತೆ ಇದೆ. ಇಲ್ಲಿ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಕಾಲಲ್ಲೇ ಹತ್ತಬೇಕು, ಮತ್ತೆ ಅಷ್ಟೇ ಇಳಿಯಬೇಕು. ಮೊದಲು ದಟ್ಟ ಕಾಡು, ಆಮೇಲೆ ಗಿರಿಗದ್ದೆಯ ಭಟ್ಟರ ಮನೆ, ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ, ಒಂದು ಶೋಲಾ ಕಾಡು, ಕೊನೆಗೆ ತುದಿ. ಒಂದೇ ದಿನದಲ್ಲಿ ಹತ್ತಿ ಇಳಿಯೋದು ತಮಾಷೆ ಅಲ್ಲ.

ನಾವು ಇಪ್ಪತ್ತು ಜನರ ಒಂದು ಗುಂಪಿನ ಜೊತೆ ಸೇರಿಕೊಂಡಿದ್ವಿ. ಗುಂಪಿನ ಲೀಡರ್ ಹುಡುಗ ಬೆಳಗ್ಗೇನೇ ಹೇಳಿದ್ದ, "ಒಂದೂವರೆಗೆ ಎಲ್ಲರೂ ಟಾಪ್‌ನಲ್ಲಿರಬೇಕು". ಭಾವನಿಗೆ ಭಟ್ಟರ ಮನೆ ದಾಟಿದ ಮೇಲೆ ಮಂಡಿ ಹಿಡಿಯಿತು. ಮಂಟಪ ತಲುಪುವಷ್ಟರಲ್ಲಿ ಕಾಲು ಮಡಚೋಕೇ ಆಗ್ತಿರಲಿಲ್ಲ. "ನೀನು ಹೋಗಿ ಬಾ ಮಾರಾಯ, ನಾನಿಲ್ಲೇ ಕೂತಿರ್ತೀನಿ" ಅಂದ.

ನಾನು ಹೋದೆ. ಎರಡು ನೀರಿನ ಬಾಟಲಿ ಇತ್ತು. ದೊಡ್ಡದನ್ನು ನಾನು ತಗೊಂಡೆ, ಹತ್ತೋನು ನಾನಲ್ವಾ ಅಂತ. ಇದನ್ನು ಟೈಪ್ ಮಾಡುವಾಗ ಈಗಲೂ ನಾಚಿಕೆ ಆಗುತ್ತೆ.

ತುದಿಯಲ್ಲಿ ಏನಿತ್ತು? ಮಂಜು. ಹತ್ತು ಅಡಿ ಆಚೆ ಏನೂ ಕಾಣ್ತಿರಲಿಲ್ಲ. ಫೋಟೋ ತೆಗೆಸಿಕೊಳ್ಳೋಕೆ ಕ್ಯೂ. ನಾನೂ ನಿಂತೆ, ತೆಗೆಸಿಕೊಂಡೆ, ಇಳಿದೆ. ಮೂರೂವರೆಗೆ ಮಂಟಪಕ್ಕೆ ಬಂದರೆ ಭಾವ ಅಲ್ಲಿರಲಿಲ್ಲ.

ಫೋನಿಗೆ ಸಿಗ್ನಲ್ ಇಲ್ಲ. ಕೂಗಿದೆ. ಸುತ್ತಮುತ್ತ ಹುಲ್ಲಿನಲ್ಲಿ ಹುಡುಕಿದೆ. ಲೀಡರ್ "ಕೆಳಗೆ ಹೋಗಿರ್ತಾರೆ ಬಿಡಿ ಸಾರ್" ಅಂದ. ಮಂಟಪದಿಂದ ಭಟ್ಟರ ಮನೆಯವರೆಗೆ ಓಡಿದ್ದು ನೆನಪಿದೆ, ದಾರಿ ಮಾತ್ರ ನೆನಪಿಲ್ಲ. ಅವನ ಅಮ್ಮನಿಗೆ ಫೋನ್ ಮಾಡಿ ಏನಂತ ಹೇಳೋದು ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು.

ಭಾವ ಭಟ್ಟರ ಮನೆ ಹತ್ತಿರ ಕಾಲು ಚಾಚಿ ಕೂತು ಮಜ್ಜಿಗೆ ಕುಡೀತಿದ್ದ. ಪಕ್ಕದಲ್ಲಿ ಹಾಸನ ಕಡೆಯ ಇಬ್ಬರು ಹುಡುಗರು. ಡಿಪ್ಲೊಮಾ ಓದ್ತಿದ್ದಾರಂತೆ. ಮೇಲೆ ಹೋಗ್ತಿದ್ದವರು, ಒಬ್ಬನೇ ಕೂತಿದ್ದ ಇವನನ್ನು ನೋಡಿ, ತುದಿ ಬಿಟ್ಟು, ಹೆಗಲು ಕೊಟ್ಟು ಇಳಿಸಿಕೊಂಡು ಬಂದಿದ್ದರು. ನಾನು ಥ್ಯಾಂಕ್ಸ್ ಹೇಳಿ, "ಪಾಪ, ನಿಮ್ಮ ಟ್ರೆಕ್ ಹಾಳಾಯ್ತು" ಅಂದೆ. ಒಬ್ಬ ನಕ್ಕ. "ಬೆಟ್ಟ ಎಲ್ಲಿಗೆ ಹೋಗುತ್ತಣ್ಣಾ, ಇಲ್ಲೇ ಇರುತ್ತೆ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರೀತಿರಲಿಲ್ಲ.

ಈಗ ಜಗಳಕ್ಕೆ ಬರೋಣ. ನಮ್ಮ ಕಡೆಯ ವಾದಗಳೆಲ್ಲ ನನಗೆ ಬಾಯಿಪಾಠ. "ಅವನೇ ಹೋಗು ಅಂದ." ಅಂತಾನೆ ಸ್ವಾಮಿ, ಇನ್ನೊಬ್ಬರ ದಿನ ಹಾಳು ಮಾಡೋಕೆ ಯಾರಿಗೂ ಇಷ್ಟ ಇರಲ್ಲ. ಅದು ಅನುಮತಿ ಅಲ್ಲ, ಸಂಕೋಚ. ಅದನ್ನು ಅನುಮತಿ ಅಂತ ಓದಿಕೊಂಡದ್ದು ನನ್ನ ಅನುಕೂಲಕ್ಕೆ.

ಇನ್ನೊಂದು ವಾದ, "ಬುಕಿಂಗ್ ಸಿಗೋದೇ ಕಷ್ಟ, ಬಂದ ಮೇಲೆ ತುದಿ ಬಿಡೋದಾ?" 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಇದೇ ಬೆಟ್ಟಕ್ಕೆ ಜನ ಜಾತ್ರೆಯ ಹಾಗೆ ನುಗ್ಗಿದ ವಿಡಿಯೋ ನೀವೂ ನೋಡಿರ್ತೀರಿ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಒಳ್ಳೆಯದೇ. ಪುಷ್ಪಗಿರಿ ವನ್ಯಧಾಮ ಅದು, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಮಿತಿ ಬೇಕೇ ಬೇಕು. ಆದರೆ ನಮ್ಮ ತಲೆ ನೋಡಿ, 300ರಲ್ಲಿ ಒಬ್ಬನಾದೆ ಅಂದ ಕೂಡಲೇ ತುದಿ ನಮಗೆ ಬರಬೇಕಾದ ಬಾಕಿ ಅನ್ನಿಸಿಬಿಡುತ್ತೆ. ಟಿಕೆಟ್ ಕೊಟ್ಟಿದ್ದು ಕಾಡಿನೊಳಗೆ ನಡೆಯೋಕೆ. ತುದಿಗೆ ಗ್ಯಾರಂಟಿ ಯಾರೂ ಬರೆದುಕೊಟ್ಟಿಲ್ಲ.

ಮೂರನೆಯದು, "ಅಷ್ಟೆಲ್ಲ ಸೀರಿಯಸ್ ಯಾಕೆ, ಇದೇನು ಎವರೆಸ್ಟಾ?" ಸರಿ, ಎವರೆಸ್ಟನ್ನೇ ತಗೊಳ್ಳಿ. 1996ರ ಮೇ 10-11ರಂದು ಅಲ್ಲಿ ಎಂಟು ಜನ ಸತ್ತರು. ಮಧ್ಯಾಹ್ನ ಎರಡರೊಳಗೆ ತುದಿ ಸಿಗದಿದ್ದರೆ ತಿರುಗಬೇಕು ಅನ್ನೋ ಮಾತಿತ್ತು, ಎರಡು ದಾಟಿದ ಮೇಲೂ ಹಲವರು ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಂತು. ಅಷ್ಟು ಪಳಗಿದವರಿಗೇ ಕೊನೆಯ ನೂರು ಮೀಟರ್ ಬಿಡೋಕೆ ಆಗಲಿಲ್ಲ. ನಮ್ಮ ಬೆಟ್ಟ ಚಿಕ್ಕದು ನಿಜ, ಆದರೆ ರೋಗ ಅದೇ.

ಹಾಗಾಗಿ ನನ್ನ ವಾದ ಇಷ್ಟೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರೋನ ನಡಿಗೆಯೇ ಗುಂಪಿನ ನಡಿಗೆ ಆಗಬೇಕು. ತಿರುಗುವ ಹೊತ್ತನ್ನು ಹೊರಡುವ ಮುಂಚೆಯೇ ನಿಶ್ಚಯಿಸಬೇಕು. ಯಾರನ್ನೂ ಒಬ್ಬರನ್ನೇ ಕೂರಿಸಿ ಹೋಗಬಾರದು. ಇಷ್ಟಕ್ಕೂ ಒಪ್ಪದ ಲೀಡರಿಗೆ ದುಡ್ಡು ಕೊಡಬಾರದು. ಮತ್ತೆ, ವಾಪಸ್ ತಿರುಗಿದವರೂ ಬರೀಬೇಕು. ನಾವು ತುದಿಯ ಫೋಟೋ ಮಾತ್ರ ಹಾಕಿ ಹಾಕಿ, ಅರ್ಧದಿಂದ ತಿರುಗೋದು ಅವಮಾನ ಅಂತ ಹೊಸ ಹುಡುಗರಿಗೆ ಕಲಿಸಿಬಿಟ್ಟಿದ್ದೀವಿ.

ಭಾನುವಾರದ ಕಥೆ ಬಾಕಿ ಉಳೀತು. ನನ್ನ ಎಕ್ಸೆಲ್ ಶೀಟಿನಲ್ಲಿ ಏಳು ಜಾಗ ಇತ್ತು. ಕುಂಟುವವನ ಜೊತೆ ಆಗಿದ್ದು ಬಸವನಗುಡಿ ಒಂದೇ. ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಕಾದ್ವಿ. 1943ರಿಂದ ಇರೋ ಹೋಟೆಲು, ಇನ್ನರ್ಧ ಗಂಟೆ ಕಾದರೆ ಏನಂತೆ ಅಂದ ಭಾವ. ದೋಸೆ ತಿಂದು ನಿಧಾನಕ್ಕೆ ದೊಡ್ಡ ಗಣಪತಿ ಹತ್ತಿರ ಬಂದ್ವಿ. ಪರಿಷೆಗೆ ಇನ್ನೂ ದಿನ ಇತ್ತು, ಆಗಲೇ ರಸ್ತೆ ಬದಿಯಲ್ಲಿ ಕಡ್ಲೆಕಾಯಿ ರಾಶಿ ಬಿದ್ದಿತ್ತು. ಒಂದು ಸೇರು ಕಟ್ಟಿಸಿಕೊಂಡು ಬ್ಯೂಗಲ್ ರಾಕ್ ಬಂಡೆ ಮೇಲೆ ಕೂತ್ವಿ.

ಅಲ್ಲಿ ಕೇಳಿದ, "ತುದಿ ಹೇಗಿತ್ತೋ?" ಮಂಜು ಇತ್ತು ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವನು ಮಾತ್ರ ಮಂಟಪದಲ್ಲಿ ಕೂತು ನೋಡಿದ್ದನ್ನೆಲ್ಲ ಹೇಳ್ತಾ ಹೋದ. ಮೋಡದ ನೆರಳು ಹುಲ್ಲಿನ ಮೇಲೆ ಹೇಗೆ ಓಡುತ್ತೆ, ತನಗಿಂತ ಕೆಳಗೆ ಒಂದು ಹದ್ದು ಹೇಗೆ ಸುತ್ತುತ್ತಿತ್ತು, ಗಾಳಿ ನಿಂತಾಗ ಎಷ್ಟು ನಿಶ್ಶಬ್ದ ಆಗುತ್ತೆ ಅಂತ. ಒಂದು ಸಲವೂ ಬಾಟಲಿ ವಿಷಯ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿ ಕ್ಷಮಿಸು ಅಂದೆ.

ಅವನು ಕಡ್ಲೆಕಾಯಿ ಬಿಡಿಸ್ತಾ, "ಹಣ್ಣಿಗೋಸ್ಕರ ಸುಬ್ರಹ್ಮಣ್ಯ ಲೋಕ ಸುತ್ತೋಕೆ ಹೋದ, ಗಣಪತಿ ಅಪ್ಪ ಅಮ್ಮನಿಗೆ ಒಂದು ಸುತ್ತು ಬಂದು ಕೂತ. ನೀನು ನಿನ್ನೆ ಹೋಗಿದ್ದು ಯಾರ ಬೆಟ್ಟ ಹೇಳು?" ಅಂದ. ಇಬ್ಬರೂ ನಕ್ವಿ. ಆದರೂ ಅದು ಪೂರ್ತಿ ತಮಾಷೆ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ತುದಿಯ ಫೋಟೋ ನಾನು ಎಲ್ಲೂ ಹಾಕಿಲ್ಲ. ಮುಂದಿನ ಸಲ ಭಟ್ಟರ ಮನೆ ತನಕ ಮಾತ್ರ ಅಂತ ಇಬ್ಬರೂ ಮಾತಾಡಿಕೊಂಡಿದ್ದೀವಿ. ಅದನ್ನು ಕೇಳಿ "ಓಹ್" ಅನ್ನೋರು ಅನ್ನಲಿ.

ನಿಮ್ಮಲ್ಲಿ ಎಷ್ಟು ಜನ ಹೀಗೆ ಅರ್ಧದಿಂದ ತಿರುಗಿದ್ದೀರಿ? ಯಾರನ್ನಾದ್ರೂ ಕೂರಿಸಿ ಹೋಗಿದ್ದೀರಾ? ಒಮ್ಮೆ ಅದನ್ನೂ ಬರೀರಿ, ನೋಡೋಣ.