ಕೈಗೆಟುಕದ ಜಲಶೋಧಕ

ಅಮೆರಿಕದ ಹೆದ್ದಾರಿಗಳಲ್ಲಿ ಮೋಟಾರ್‌ಹೋಮ್ ಎಂಬ ಹೆಸರಿನಿಂದ ಪ್ರಸಿದ್ಧವಾದ, ಒಲೆ, ಹಾಸಿಗೆ, ಸ್ನಾನದ ಕೊಠಡಿ ಇವೆಲ್ಲವನ್ನೂ ಒಡಲಲ್ಲಿ ಅಡಗಿಸಿಕೊಂಡು ಸಂಚರಿಸುವ ದೀರ್ಘಕಾಯದ ವಾಹನಗಳಿಗೆ ನೀರು ಎರಡು ಮಾರ್ಗಗಳಿಂದ ಒದಗುತ್ತದೆ. ವಾಹನದಲ್ಲಿಯೇ ಇರುವ ಟ್ಯಾಂಕಿನಿಂದ 12 ವೋಲ್ಟಿನ ಸಣ್ಣ ಪಂಪೊಂದು ಎಳೆದು ಕೊಡುವ ನೀರು ಒಂದು. ಬಿಡಾರದ ಸ್ಥಳವನ್ನು ಸೇರಿದ ಮೇಲೆ ಅಲ್ಲಿನ ನಲ್ಲಿಗೆ ಪೈಪನ್ನು ಹೊಂದಿಸಿ ನೇರವಾಗಿ ಒಳಕ್ಕೆ ತೆಗೆದುಕೊಳ್ಳುವ ನೀರು ಇನ್ನೊಂದು. ಇಂದು ಅರಿಜೋನಾದಲ್ಲಿ, ನಾಳೆ ಯೂಟಾದಲ್ಲಿ ತಂಗುವ ಪ್ರಯಾಣಿಕನಿಗೆ ನೀರಿನ ರುಚಿಯೂ ಗಡಸುತನವೂ ತಂಗುದಾಣದಿಂದ ತಂಗುದಾಣಕ್ಕೆ ಬದಲಾಗುವುದು ಸಹಜವಾದುದರಿಂದ, ಈ ನೀರನ್ನು ಸೋಸಿ ಕೊಡುವ ಶೋಧಕವೊಂದನ್ನು ಅನೇಕ ವಾಹನಗಳಲ್ಲಿ ತಯಾರಕರೇ ಅಳವಡಿಸಿರುತ್ತಾರೆ. ಅದರ ರಚನೆ ಸರಳವಾದದ್ದು: ಪೈಪಿಗೆ ಜೋಡಿಸಿದ ಪ್ಲಾಸ್ಟಿಕ್ಕಿನ ಶಿರೋಭಾಗ, ಅದರ ಕೆಳಗೆ ತಿರುಪಿನಿಂದ ಕೂಡಿಕೊಳ್ಳುವ ನೀಳವಾದ ಬಟ್ಟಲು, ಬಟ್ಟಲಿನೊಳಗೆ ಸುಮಾರು 10 ಅಂಗುಲ ಉದ್ದದ ಕಾರ್ಟ್ರಿಜ್.

ಇಂಥ ಶೋಧಕವನ್ನು ಮಾರುವವರು ಅದು ಎಷ್ಟು ಸೂಕ್ಷ್ಮವಾದ ಕಣವನ್ನು ತಡೆಯಬಲ್ಲುದು, 5 ಮೈಕ್ರಾನಿನದನ್ನೋ, 1 ಮೈಕ್ರಾನಿನದನ್ನೋ, ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚುಮಾಡುತ್ತಾರೆ. ಅದನ್ನು ವಾಹನದ ಯಾವ ಮೂಲೆಯಲ್ಲಿ ಕೂರಿಸಲಾಗಿದೆ ಎಂಬುದನ್ನು ವಿಚಾರಿಸುವ ಗ್ರಾಹಕರು ವಿರಳ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ವಿಚಾರವೇ ಹೆಚ್ಚು ಮಹತ್ತ್ವದ್ದು. ಕಾರ್ಟ್ರಿಜ್ ಎಂಬುದು ಮೂರರಿಂದ ಆರು ತಿಂಗಳಿಗೊಮ್ಮೆ ಬದಲಾಯಿಸತಕ್ಕ ವಸ್ತು. ಕೈಗೆ ಸುಲಭವಾಗಿ ಎಟುಕದುದನ್ನು ಗೃಹಸ್ಥರು ಕಾಲಕಾಲಕ್ಕೆ ಬದಲಾಯಿಸುವುದಿಲ್ಲ. ಬದಲಾಯಿಸದೆ ಬಿಟ್ಟ ಶೋಧಕವಾದರೋ ಕೇವಲ ನಿರುಪಯುಕ್ತವಾಗಿ ಕುಳಿತಿರುವುದಿಲ್ಲ. ಅದರಲ್ಲಿರುವ ಇದ್ದಿಲು ನೀರಿನ ಕ್ಲೋರಿನ್ ವಾಸನೆಯನ್ನು ತೆಗೆಯುತ್ತದೆಯಷ್ಟೆ. ಆ ವಾಸನೆಯೊಂದಿಗೆ ಕ್ಲೋರಿನ್ನಿನ ರಕ್ಷಣೆಯೂ ಹೊರಟುಹೋಗುತ್ತದೆ. ಹೀಗೆ ರಕ್ಷಣೆ ಕಳೆದುಕೊಂಡ ನೀರು, ಪ್ರವಾಸ ಮುಗಿದು ವಾಹನ ಬಿಸಿಲಿನಲ್ಲಿ ನಿಂತ ವಾರಗಳುದ್ದಕ್ಕೂ ಆ ಬಟ್ಟಲಿನಲ್ಲಿಯೇ ನಿಂತು, ಹಿಂದೆ ಸೋಸಿದ ಕಶ್ಮಲದ ನಡುವೆ ಸೂಕ್ಷ್ಮಜೀವಿಗಳಿಗೆ ಆಶ್ರಯವಾಗುತ್ತದೆ. ಆದಕಾರಣ ಶೋಧಕದ ಸ್ಥಾನವೆಂಬುದು ಶೋಧಕದ ಗುಣದಲ್ಲಿಯೇ ಸೇರಿದ ಸಂಗತಿಯೆಂದು ನಾನು ತಿಳಿದಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಅಣ್ಣನ ಮಗನು ಬಳಸಿದ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದಾನೆ. ಅದರ ಶೋಧಕ ಇದ್ದದ್ದು ಅಡುಗೆಯ ಸಿಂಕಿನ ಕೆಳಗೆ, ಎರಡು ಡ್ರಾಯರುಗಳನ್ನು ಕಳಚಿದ ಮೇಲೆ ಕಾಣಿಸುವ ಹಲಗೆಯೊಂದರ ಹಿಂದುಗಡೆ. ಅವನು ನೆಲದ ಮೇಲೆ ಅಂಗಾತ ಮಲಗಿ ಒಂದು ತೋಳನ್ನು ಭುಜದವರೆಗೆ ಒಳಕ್ಕೆ ತೂರಿಸಿ ಬಟ್ಟಲಿನ ಸುತ್ತ ಪ್ಲಾಸ್ಟಿಕ್ ಪಾನವನ್ನು ಸಿಕ್ಕಿಸಿದರೆ, ಪಾನದ ಹಿಡಿಯು ಎರಡಂಗುಲ ಸರಿಯುವಷ್ಟರಲ್ಲಿ ಒಂದು ಕಡೆ ಡ್ರೈನ್ ಪೈಪಿಗೂ ಇನ್ನೊಂದು ಕಡೆ ಪಕ್ಕದ ಹಲಗೆಗೂ ತಗಲುತ್ತಿತ್ತು. ಹಾಗೆಯೇ ಇಷ್ಟಿಷ್ಟಾಗಿ ತಿರುಗಿಸುತ್ತ ಕಡೆಗೊಮ್ಮೆ ಬಟ್ಟಲು ಸಡಿಲವಾಯಿತು. ಆದರೆ ಅದರ ಬುಡಕ್ಕೂ ನೆಲದ ಹಲಗೆಗೂ ನಡುವೆ ಒಂದು ಬೆರಳಿನಷ್ಟು ಎಡೆ ಮಾತ್ರ ಇದ್ದುದರಿಂದ ಅದನ್ನು ನೆಟ್ಟಗೆ ಕೆಳಕ್ಕಿಳಿಸುವಂತಿರಲಿಲ್ಲ, ಓರೆಯಾಗಿ ಎಳೆಯಬೇಕಾಯಿತು. ಎಳೆದೊಡನೆ ಅದರಲ್ಲಿದ್ದ ಮುಕ್ಕಾಲು ಲೀಟರಿನಷ್ಟು ನೀರು ಪ್ಲೈವುಡ್ಡಿನ ಮೇಲೆ ಹರಿದು ಪಂಪಿನ ತಂತಿಗಳ ಜೋಡಣೆಯ ಕಡೆಗೆ ಹೊರಟಿತು. ಪಕ್ಕದಲ್ಲಿ ಬೆಳಕು ಹಿಡಿದು ಕುಳಿತಿದ್ದ ನಾನು ಟಾರ್ಚನ್ನು ಕೆಳಗಿಟ್ಟು ಕೈಗೆ ಸಿಕ್ಕಿದ ಟವೆಲನ್ನು ಒಡ್ಡಿದೆ. ಹೊರಬಂದ ಕಾರ್ಟ್ರಿಜ್ ಕಂದುಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. “ಚಿಕ್ಕಪ್ಪಾ, ಇನ್ನೊಂದ್ಸಲ ಈ ಗೋಳು ನನ್ನ ಕೈಲಾಗಲ್ಲ. ಕುಡಿಯೋಕೆ ಬಾಟ್ಲಿ ನೀರು ತಗೊಂಡ್ರಾಯ್ತು ಬಿಡಿ” ಎಂದು ಅವನು ಎದ್ದು ಕೂತ.

ಆ ಮಾತಿನಲ್ಲಿ ಆಲಸ್ಯವನ್ನು ಕಾಣುವುದು ನ್ಯಾಯವಲ್ಲ. ಕುಟುಂಬದ ಆರೋಗ್ಯವನ್ನು ಕುರಿತು ಕಾಳಜಿಯುಳ್ಳ, ತನ್ನ ಕೈಯಿಂದ ಕೆಲಸಮಾಡಲು ಹಿಂಜರಿಯದ ಮನುಷ್ಯನನ್ನೂ ಹಿಮ್ಮೆಟ್ಟಿಸುವಂತೆ ಆ ಸಾಧನವನ್ನು ಕೂರಿಸಲಾಗಿತ್ತು. ಇಂಥ ಬಟ್ಟಲಿನ ಕೆಳಗೆ ಕನಿಷ್ಠಪಕ್ಷ ಒಂದೂವರೆ ಎರಡು ಅಂಗುಲಗಳ ತೆರಪಿರಬೇಕೆಂದು ಶೋಧಕದ ಜೊತೆಗೆ ಬರುವ ಸೂಚನಾಪತ್ರಗಳೇ ಸಾಮಾನ್ಯವಾಗಿ ಹೇಳುತ್ತವೆ. ಆ ಪತ್ರವನ್ನು ಓದಿ ಹಲಗೆಗೆ ಮೊಳೆ ಹೊಡೆಯುವ ಹೊಣೆ ತಯಾರಕನದು.

ಸ್ಥಾನದೋಷಕ್ಕೆ ಬೇರೆ ರೂಪಗಳೂ ಉಂಟು. ಪಂಪಿಗೆ ನೀರು ಬರುವ ಕಡೆಯಲ್ಲಿ ಕಸಕಡ್ಡಿಯನ್ನು ತಡೆಯುವ ಒಂದು ಜಾಲರಿ ಸಾಕು. ಅಲ್ಲಿ ಅತಿ ಸೂಕ್ಷ್ಮವಾದ ಕಾರ್ಟ್ರಿಜನ್ನು ಇಟ್ಟರೆ ಪಂಪು ನೀರನ್ನು ಎಳೆಯಲಾರದೆ ದುಡಿದು ದುಡಿದು ಬೇಗ ಕೆಡುತ್ತದೆ. ಹೊರಗಿನ ನಲ್ಲಿಯಿಂದ ಬರುವ ಮಾರ್ಗದಲ್ಲಿ ಮಾತ್ರ ಶೋಧಕವಿದ್ದರೆ ಟ್ಯಾಂಕಿನ ನೀರು ಸೋಸದೆಯೇ ಲೋಟಕ್ಕೆ ಬೀಳುತ್ತದೆ. ಪಾರದರ್ಶಕವಾದ ಬಟ್ಟಲನ್ನು ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಕಟ್ಟುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ಆಗುವುದು ಶೀತಪ್ರದೇಶಗಳಲ್ಲಿ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ, ಚಳಿಗಾಲಕ್ಕೆ ಮುಂಚೆ ವಾಹನದ ನೀರನ್ನೆಲ್ಲ ಹೊರಹಾಕಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಪೈಪುಗಳಿಗೆ ತುಂಬುವುದು ಅಲ್ಲಿನ ವಾಡಿಕೆ. ಅದಕ್ಕೆ ಮೊದಲು ಕಾರ್ಟ್ರಿಜನ್ನು ತೆಗೆಯಲೇಬೇಕು. ಬ್ಲೀಚಿನಿಂದ ಪೈಪುಗಳನ್ನು ಶುದ್ಧಿಮಾಡುವಾಗಲೂ ಹಾಗೆಯೇ. ಇದ್ದಿಲು ಒಳಗಿದ್ದರೆ ಬ್ಲೀಚಿನ ಕ್ಲೋರಿನ್ನನ್ನೆಲ್ಲ ಅದೇ ಹೀರಿಕೊಂಡು, ಮುಂದಿನ ಪೈಪುಗಳಿಗೆ ಶುದ್ಧಿ ತಲಪುವುದಿಲ್ಲ. ಅಂದಮೇಲೆ ವರ್ಷದಲ್ಲಿ ಹಲವು ಸಲ ಕೈಯಿಡಬೇಕಾದ ಜಾಗ ಅದು. ಹಾಗಿದ್ದೂ ಅದನ್ನು ಡ್ರಾಯರುಗಳ ಹಿಂದೆ ಮುಚ್ಚಿಡುವುದು ಎಷ್ಟು ಸರಿ?

ಇದು ಹೀಗೇಕೆ ಆಗುತ್ತದೆಂಬುದು ಊಹೆಗೆ ನಿಲುಕದ ವಿಷಯವೇನೂ ಅಲ್ಲ. ಅಮೆರಿಕದ ಇಂಥ ವಾಹನಗಳ ಬಹುಭಾಗ ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣದ ಸುತ್ತಮುತ್ತ. ಅಲ್ಲಿಯ ಕಾರ್ಖಾನೆಗಳ ಸಾಮಾನ್ಯವಾದ ಕ್ರಮದಂತೆ ಮೊದಲು ನೆಲಗಟ್ಟು ಸಿದ್ಧವಾಗಿ, ಟ್ಯಾಂಕು ಪೈಪುಗಳು ಅದಕ್ಕೆ ಕೂಡಿಕೊಂಡು, ಅನಂತರ ಬೀರುಗಳೂ ಗೋಡೆಗಳೂ ಬರುತ್ತವೆ. ಪೈಪು ಜೋಡಿಸುವವನ ಕಣ್ಣಿಗೆ ಸುತ್ತಲೂ ಬಯಲು. ಅವನ ಕೈಗೆ ಎಲ್ಲವೂ ಎಟುಕುತ್ತದೆ. ಬೀರು ಬಂದ ಮೇಲೆ ಎಟುಕದೆ ಹೋಗುವುದು ಕೊಂಡವನ ಕೈಗೆ. ಕೊಳ್ಳುವವರಾದರೂ ಮೆತ್ತನೆಯ ಸೋಫಾದ ಮೇಲೆ ಕುಳಿತು, ಒಲೆಯನ್ನು ಹಚ್ಚಿ ನೋಡಿ ಹಣ ಕೊಡುತ್ತಾರೆಯೇ ಹೊರತು ಮಂಡಿಯೂರಿ ಸಿಂಕಿನ ಕೆಳಗೆ ಬಗ್ಗಿ ನೋಡುವುದಿಲ್ಲ. ಈ ಪರೀಕ್ಷೆ ಐದು ನಿಮಿಷದ್ದು. ಇಂಥ ವಾಹನವನ್ನು ಬಾಡಿಗೆಗೆ ತೆಗೆದುಕೊಂಡು, ಊರಿನಿಂದ ಬಂದ ತಂದೆತಾಯಿಗಳನ್ನು ಗ್ರ್ಯಾಂಡ್ ಕ್ಯಾನ್ಯನ್ನಿಗೋ ಯೆಲ್ಲೊಸ್ಟೋನಿಗೋ ಕರೆದೊಯ್ಯುವ ನಮ್ಮ ಕನ್ನಡ ಕುಟುಂಬಗಳು ಕೂಡ, ಕೀಲಿಕೈ ಪಡೆಯುವ ಮೊದಲು ಶೋಧಕ ಎಲ್ಲಿದೆ, ಅದನ್ನು ಬದಲಾಯಿಸಿದ್ದು ಯಾವಾಗ ಎಂದು ಕೇಳತಕ್ಕದ್ದು.

ಈಗಾಗಲೇ ಕೊಂಡವರು ಏನು ಮಾಡಬೇಕು? ಇದ್ದುದನ್ನು ಸಹಿಸಿಕೊಂಡಿರುವುದಕ್ಕಿಂತ ಸ್ಥಳಾಂತರಿಸುವುದೇ ಮೇಲೆಂದು ನನ್ನ ಸ್ಪಷ್ಟವಾದ ಅಭಿಪ್ರಾಯ. ಈ ವಾಹನಗಳ ಪೈಪು ಹೆಚ್ಚಾಗಿ ಬಾಗುವ ಪ್ಲಾಸ್ಟಿಕ್ಕಿನದು. ಒತ್ತಿ ಸೇರಿಸುವ ಜೋಡಣೆಗಳು ದೊರೆಯುವುದರಿಂದ ಬೆಸುಗೆಯ ತೊಡಕಿಲ್ಲ. ಹೊರಗಿನಿಂದ ಬಾಗಿಲು ತೆರೆಯುವ ಸಾಮಾನಿನ ಕೋಣೆಯೊಂದನ್ನು ಆರಿಸಿ, ಪೈಪನ್ನು ಅಲ್ಲಿಯವರೆಗೆ ಎಳೆದು, ತೆಳ್ಳನೆಯ ಹಲಗೆಗಲ್ಲದೆ ಗಟ್ಟಿಯಾದ ಚೌಕಟ್ಟಿಗೆ ಶಿರೋಭಾಗವನ್ನು ಬಿಗಿಯಬೇಕು. ಏಕೆಂದರೆ ಬಟ್ಟಲನ್ನು ತಿರುಗಿಸುವ ಬಲವೆಲ್ಲ ಆ ಸ್ಕ್ರೂಗಳ ಮೇಲೆಯೇ ಬೀಳುತ್ತದೆ. ಶೋಧಕದ ಹಿಂದೊಂದು ಮುಂದೊಂದು ವಾಲ್ವನ್ನೂ, ಶೋಧಕವನ್ನು ಬಿಟ್ಟು ಸುತ್ತಿ ಹೋಗುವ ಒಂದು ಅಡ್ಡಪೈಪನ್ನೂ ಕೂಡಿಸಿದರೆ ಚಳಿಗಾಲದ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ತೆರೆಯುವ ಮೊದಲು ಪಂಪನ್ನು ನಿಲ್ಲಿಸಿ, ಹೊರಗಿನ ನೀರನ್ನು ಕಟ್ಟಿ, ಒಂದು ನಲ್ಲಿಯನ್ನು ಬಿಟ್ಟು ಒತ್ತಡವನ್ನು ಇಳಿಸುವುದೂ, ಮುಚ್ಚುವ ಮೊದಲು ರಬ್ಬರು ಉಂಗುರವನ್ನು ಒರೆಸಿ ಸಿಲಿಕೋನ್ ಗ್ರೀಸನ್ನು ಸವರುವುದೂ ಮರೆಯಬಾರದ ವಿಧಿಗಳು. ಉಂಗುರ ಒಣಗಿದ್ದರೆ ಎಷ್ಟು ಬಿಗಿದರೂ ನೀರು ಜಿನುಗುತ್ತದೆ. ಮಿತಿಮೀರಿ ಬಿಗಿದದ್ದು ಮುಂದಿನ ಸಲ ಬಿಚ್ಚಲು ಬರುವುದಿಲ್ಲ.

ಸ್ಥಳಾಂತರ ಸಾಧ್ಯವಿಲ್ಲದವರು ಒಳಗಿನ ಕಾರ್ಟ್ರಿಜನ್ನು ತೆಗೆದು ಬಟ್ಟಲನ್ನು ಖಾಲಿ ಬಿಟ್ಟು, ತಂಗುದಾಣದ ನಲ್ಲಿಗೂ ವಾಹನಕ್ಕೂ ನಡುವೆ ಪೈಪಿಗೇ ಹೊಂದುವ ಹೊರಗಿನ ಶೋಧಕವನ್ನು ಬಳಸಬಹುದು. ಟ್ಯಾಂಕನ್ನು ತುಂಬುವುದೂ ಅದೇ ಪೈಪಿನಿಂದಲಾದ್ದರಿಂದ ಎರಡು ಮಾರ್ಗಗಳ ನೀರೂ ಸೋಸಿದಂತಾಗುತ್ತದೆ. ಆದರೆ ಹೊರಗೆ ಮಣ್ಣುಮರಳನ್ನು ತಡೆಯುವ ಶೋಧಕವನ್ನಷ್ಟೇ ಇಟ್ಟು, ಇದ್ದಿಲಿನದನ್ನು ಕುಡಿಯುವ ನೀರಿನ ನಲ್ಲಿಯ ಸಮೀಪದಲ್ಲಿ, ಕೈಗೆ ಸಿಕ್ಕುವಂತೆ ಇಡುವುದು ವಿವೇಕ. ಟ್ಯಾಂಕಿನಲ್ಲಿ ದಿನಗಟ್ಟಲೆ ನಿಲ್ಲುವ ನೀರಿನಲ್ಲಿ ಕ್ಲೋರಿನ್ ಉಳಿದಿರುವುದೇ ಕ್ಷೇಮ.

ಕೈಗೆಟುಕುವ ಶೋಧಕದ ಶಕ್ತಿ ಎಂಥದೆಂಬುದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಮೆಟ್ಟಿಲು ಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗರನ್ನು ದೀರ್ಘಕಾಲ ಪೀಡಿಸಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಘೋಷಿಸಿತು. ಆ ಸಾಧನೆಗೆ ನೆರವಾದ ಉಪಾಯಗಳಲ್ಲಿ ಕೊಡದ ಬಾಯಿಗೆ ಬಟ್ಟೆಯನ್ನು ಮಡಿಸಿ ಕಟ್ಟಿ ನೀರು ಸೋಸುವುದೂ ಒಂದು. ಆ ಬಟ್ಟೆ ದಿನವೂ ಗೃಹಿಣಿಯ ಕಣ್ಣೆದುರಿನಲ್ಲಿರುತ್ತಿತ್ತು. ಕೊಳೆಯಾದದ್ದು ಆಗಲೇ ಕಾಣುತ್ತಿತ್ತು. ಆಗಲೇ ಒಗೆದು ಒಣಗಿಸಲು ಬರುತ್ತಿತ್ತು.

ಬೆಂಗಳೂರಿನಲ್ಲಿಯೂ ಈಚೆಗೆ ಇಂಥ ವಾಹನಗಳು ಕಾರವಾನ್ ಎಂಬ ಹೆಸರಿನಲ್ಲಿ ಬಾಡಿಗೆಗೆ ದೊರೆಯುತ್ತಿವೆ. ಲಾರಿ, ವ್ಯಾನುಗಳ ಚಾಸಿಯ ಮೇಲೆ ಮನೆ ಕಟ್ಟುವ ಕಸುಬು ನಮ್ಮಲ್ಲಿ ಇನ್ನೂ ರೂಪುಗೊಳ್ಳುತ್ತಿದೆ. ನಮ್ಮ ದಾರಿಗಳಲ್ಲಿ ತುಂಬಿಸಿಕೊಳ್ಳುವ ನೀರಿನಲ್ಲಿ ಕೊಳವೆಬಾವಿಯ ಮರಳೂ ಸುಣ್ಣದ ಅಂಶವೂ ಬಹಳವಾಗಿ ಇರುವುದುಂಟಾದ್ದರಿಂದ, ಅಮೆರಿಕದಲ್ಲಿ ಮೂರು ತಿಂಗಳು ಬಾಳುವ ಕಾರ್ಟ್ರಿಜ್ ಇಲ್ಲಿ ಅದಕ್ಕಿಂತ ಬಹಳ ಮೊದಲೇ ಕಟ್ಟಿಕೊಳ್ಳಬಹುದು. ಕೋಲಾರ, ಪಾವಗಡದಂಥ ಕಡೆಯ ಫ್ಲೋರೈಡನ್ನಂತೂ ಸಾಮಾನ್ಯ ಇದ್ದಿಲಿನ ಶೋಧಕ ತಡೆಯುವುದೇ ಇಲ್ಲ. ಆದ್ದರಿಂದ ಇಲ್ಲಿ ವಾಹನದ ಒಡಲನ್ನು ಕಟ್ಟುವವರಲ್ಲಿ ನನ್ನ ಬೇಡಿಕೆ ಇಷ್ಟು: ಬೀರುಗಳ ನಕ್ಷೆಯನ್ನು ಎಳೆಯುವ ಮೊದಲೇ ಶೋಧಕದ ಜಾಗವನ್ನು ಗುರುತಿಸಿ, ಬಟ್ಟಲಿನ ಕೆಳಗೆ ಎರಡು ಅಂಗುಲವನ್ನೂ, ಪಾನ ತಿರುಗಲು ಪಕ್ಕದಲ್ಲಿ ಒಂದು ಗೇಣನ್ನೂ ಬಿಟ್ಟು, ಚೆಲ್ಲುವ ನೀರು ವಾಹನದ ಹೊರಕ್ಕೆ ಹರಿದುಹೋಗುವಂತೆ ಕೆಳಗೆ ತೂತಿರುವ ತಟ್ಟೆಯೊಂದನ್ನು ಇಟ್ಟು, ಆ ಜಾಗದ ಬಾಗಿಲ ಮೇಲೆ ಕಾರ್ಟ್ರಿಜ್ ಬದಲಾಯಿಸಿದ ತಾರೀಖನ್ನು ಬರೆಯಲು ಒಂದು ಚೀಟಿಯನ್ನು ಅಂಟಿಸಿ ಕೊಡಲಿ.