ಕಾಯುವ ಪಟ್ಟಿ ಮತ್ತು ಸಮಾಜದ ಹೊಣೆ

ಹನ್ನೆರಡನೆಯ ತರಗತಿಯಲ್ಲಿ ಶೇ. 97 ಅಂಕ, ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್. ಆದರೂ ಬಯಸಿದ ವಿಶ್ವವಿದ್ಯಾಲಯದಿಂದ ಬರುವ ಉತ್ತರ ‘ವೇಟಿಂಗ್ ಲಿಸ್ಟ್’. ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಪ್ರವೇಶದ ಋತುವಿನ ಈ ಅನುಭವ ಹೊಸದಲ್ಲ. ಅನಂತರ ಕೇಳಿಬರುವ ಮಾತುಗಳೂ ಹೊಸವಲ್ಲ. ಹಿರಿಯರು ಲಾಭಾಂತರಾಯ ಕರ್ಮದ ಉದಯವೆಂದು ಸಮಾಧಾನ ಹೇಳುತ್ತಾರೆ. ಉಳಿದವರು ಮೀಸಲಾತಿಯನ್ನು ದೂರುತ್ತಾರೆ. ಈ ಎರಡು ಮಾತುಗಳ ನಡುವೆ ಕೇಳಬೇಕಾದ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ.

ಕಾಯುವ ಪಟ್ಟಿಯು ಯೋಗ್ಯತೆಯ ಕುರಿತ ತೀರ್ಪಲ್ಲ. ಸೀಟು ಖಾಲಿ ಉಳಿಯದಂತೆ ಸಂಸ್ಥೆಯು ಮಾಡಿಕೊಳ್ಳುವ ಏರ್ಪಾಡು. ಚೆನ್ನಾಗಿ ಓದುವ ವಿದ್ಯಾರ್ಥಿ ನಾಲ್ಕೈದು ಕಡೆ ಅರ್ಜಿ ಹಾಕಿರುತ್ತಾನೆ. ಮೂರು ಕಡೆ ಆಯ್ಕೆಯಾದರೂ ಸೇರುವುದು ಒಂದೇ ಕಡೆ. ಅವನು ಬಿಟ್ಟ ಸೀಟುಗಳಿಗೆ ಪಟ್ಟಿಯಲ್ಲಿದ್ದವರನ್ನು ಕರೆಯಲಾಗುತ್ತದೆ. ಹೀಗೆ ಭರವಸೆಯೆಲ್ಲ ಸಂಸ್ಥೆಗೆ, ಅನಿಶ್ಚಯವೆಲ್ಲ ವಿದ್ಯಾರ್ಥಿಗೆ ಸಲ್ಲುತ್ತದೆ. ಕಾಯುವವರು ಅಷ್ಟರೊಳಗೆ ಮತ್ತೊಂದು ಕಾಲೇಜಿಗೆ ಶುಲ್ಕ ಕಟ್ಟಲೇಬೇಕು. ಪ್ರವೇಶ ರದ್ದುಪಡಿಸಿದವರಿಗೆ ಶುಲ್ಕ ಮರಳಿಸಬೇಕೆಂಬ ಯುಜಿಸಿ ನಿಯಮವುಂಟು. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ಣ ಶುಲ್ಕ ಮರಳಿಸಬೇಕಿತ್ತು. ಇಂಥ ನಿಯಮವನ್ನು ಅರಿತು ಬಳಸುವ ಪೋಷಕರು ಕಡಿಮೆ.

ಮೇಲಿನ ಅಂಕಗಳ ಜಾಗದಲ್ಲಿ ನೂಕುನುಗ್ಗಲು ಎಷ್ಟೆಂಬುದನ್ನೂ ಗಮನಿಸಬೇಕು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು ಕೆಲವು ಕೋರ್ಸುಗಳಿಗೆ ಮೊದಲ ಕಟ್-ಆಫ್ ಅನ್ನೇ ಶೇ. 100ಕ್ಕೆ ನಿಗದಿಪಡಿಸಿದವು. ಅಲ್ಲಿ ಶೇ. 99 ಪಡೆದವರೂ ಹೊರಗೆ ನಿಂತರು. ಮರುವರ್ಷ ಸಿಯುಇಟಿ ಬಂದಿತು. ಅಳತೆಗೋಲು ಬದಲಾಯಿತು, ಬಾಗಿಲ ಮುಂದಿನ ಸಾಲು ಕರಗಲಿಲ್ಲ. ಒಂದು ಅಂಕಪಟ್ಟಿಯು ವಿದ್ಯಾರ್ಥಿಯನ್ನು ಒಂದು ನಯದಿಂದ ಮಾತ್ರ ನೋಡುತ್ತದೆ. ಅನೇಕಾಂತವನ್ನು ಪರಂಪರೆಯಿಂದ ಪಡೆದ ಸಮಾಜವು ಆ ಒಂದು ನಯವನ್ನೇ ಪ್ರಮಾಣವೆಂದು ಹಿಡಿದು ಮಕ್ಕಳನ್ನು ತೂಗುವುದು ಸರಿಯಲ್ಲ.

ಇನ್ನು ಮೀಸಲಾತಿಯ ಮೇಲಿನ ಸಿಟ್ಟು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ, 1902ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಸಂಸ್ಥಾನದಲ್ಲಿ ಖಾಲಿಯಾಗುವ ಹುದ್ದೆಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಕಾಯ್ದಿರಿಸಿದರು. ಬ್ರಾಹ್ಮಣ, ಪ್ರಭು, ಶೇಣ್ವಿ, ಪಾರ್ಸಿ ಮೊದಲಾದ ಮುಂದುವರಿದವರ ಹೊರತು ಉಳಿದವರೆಲ್ಲ ಆ ಆದೇಶದಲ್ಲಿ ಹಿಂದುಳಿದವರು. ಬೇಸಾಯ ನಂಬಿದ್ದ ಜೈನರೂ ಆ ಎಣಿಕೆಯಲ್ಲಿದ್ದರು. ಅದೇ ಕಾಲದಲ್ಲಿ ಕೊಲ್ಹಾಪುರದಲ್ಲಿ ತೆರೆದ ಜೈನ ಬೋರ್ಡಿಂಗ್, 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಕೆಲಸ, ಇವು ಹಳ್ಳಿಯ ಮಕ್ಕಳನ್ನು ಕಾಲೇಜಿನವರೆಗೆ ತಂದವು. ಕುಂಭೋಜದ ಜೈನ ಮನೆಯಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು ಓದುವ ವಸತಿಗೃಹಗಳನ್ನು ನಡೆಸಿದರು. ಆ ಏಣಿಯಿಂದ ಮೇಲೇರಿದ ಕುಟುಂಬಗಳು ಇಂದು ಅದೇ ಏಣಿಯನ್ನು ಅನ್ಯಾಯವೆನ್ನುವುದು ಕೃತಘ್ನತೆಯಾಗುತ್ತದೆ.

ಹಣದ ಬಲದಿಂದ ತುಂಬುವ ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಕೋಟಾಗಳ ಬಗ್ಗೆ ಮಾತ್ರ ಈ ಸಿಟ್ಟು ಕಾಣುವುದಿಲ್ಲ. ಕಡಿಮೆ ರ‍್ಯಾಂಕಿನ ದಲಿತ ವಿದ್ಯಾರ್ಥಿ ಕಣ್ಣಿಗೆ ಚುಚ್ಚುತ್ತಾನೆ. ಅದಕ್ಕಿಂತ ಕಡಿಮೆ ರ‍್ಯಾಂಕಿಗೆ ಡೊನೇಶನ್ ಕೊಟ್ಟು ಸೇರಿದ ನೆಂಟರ ಮಗ ಚುಚ್ಚುವುದಿಲ್ಲ. ಇದು ನ್ಯಾಯದ ಕಳಕಳಿಯಲ್ಲ, ಶಾಸ್ತ್ರ ಎಚ್ಚರಿಸುವ ಕುಲಮದ ಮತ್ತು ಜ್ಞಾನಮದ.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿಸಿತು. ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೆಯ ವಿಧಿಯ ಹಕ್ಕು ಈ ಸಮಾಜಕ್ಕಿದೆ. ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿಗೆ ಅವಕಾಶ ಕೊಡುವ 15(5)ನೆಯ ವಿಧಿಯು ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿದೆ. ಇಷ್ಟೊಂದು ಸ್ವಾತಂತ್ರ್ಯ ಪಡೆದವರು ಅದನ್ನು ಯಾರಿಗಾಗಿ ಬಳಸುತ್ತಿದ್ದಾರೆ? ಬೆಳಗಾವಿ ಸೀಮೆಯ ಸಣ್ಣ ಹಿಡುವಳಿಯ ಜೈನ ರೈತನ ಮಗಳಿಗೆ ಮಹಾನಗರದ ಜೈನ ಕಾಲೇಜಿನ ಶುಲ್ಕ ನಿಲುಕುತ್ತದೆಯೇ? ನಿಲುಕದಿದ್ದರೆ ಅಲ್ಪಸಂಖ್ಯಾತ ಕೋಟಾ ಉಳ್ಳವರ ಇನ್ನೊಂದು ಬಾಗಿಲಾಗುತ್ತದೆ, ಅಷ್ಟೆ.

ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿಯೊಂದು ವಿಶ್ವವಿದ್ಯಾಲಯವೂ ಕಾಯುವ ಪಟ್ಟಿಯ ಕ್ರಮಸಂಖ್ಯೆ, ಪ್ರವರ್ಗವಾರು ಸೀಟುಗಳು, ಹಿಂದಿನ ವರ್ಷ ಪಟ್ಟಿ ಎಲ್ಲಿಯವರೆಗೆ ಇಳಿಯಿತು ಎಂಬುದನ್ನು ಪ್ರಕಟಿಸಲಿ ಎಂದು ಸಂಘಟನೆಗಳು ಒತ್ತಾಯಿಸಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳ ಸೀಟು ಮತ್ತು ಅಧ್ಯಾಪಕರ ಸಂಖ್ಯೆ ಹೆಚ್ಚಲಿ ಎಂದು ಮತ ಕೇಳಲು ಬಂದವರನ್ನು ಕೇಳಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಹೇಳುವ ಸಮಾಜ, ಪಂಚಕಲ್ಯಾಣ ಮಹೋತ್ಸವಗಳ ವೆಚ್ಚದಲ್ಲಿ ಒಂದು ಪಾಲನ್ನು ಹಾಸ್ಟೆಲುಗಳಿಗೂ ವಿದ್ಯಾರ್ಥಿವೇತನಕ್ಕೂ ತೆಗೆದಿಡಬಹುದು. ಅದೂ ಶಾಸ್ತ್ರದಾನವೇ.

ಕಾಯುತ್ತಿರುವ ಹದಿನೆಂಟರ ಮಕ್ಕಳಿಗೆ ಮನೆಯವರು ಇನ್ನೊಂದು ಕಾಲೇಜಿನ ದಾರಿಯನ್ನು ಗೌರವದಿಂದಲೇ ತೋರಿಸಲಿ. ಮನೆತನದ ಮರ್ಯಾದೆಯನ್ನು ಒಂದು ಸೀಟಿನ ಮೇಲೆ ಪಣವಾಗಿಡುವ ಹಕ್ಕು ಯಾವ ತಂದೆತಾಯಿಗೂ ಇಲ್ಲ.