ಹೊರಗಿನ ಕಾರು, ಒಳಗಿನ ರೇಸು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕ್ಷಮೆಯಿರಲಿ. ಈ ಸಲದ ವಿಷಯ ನೋಡಿ ನೀವು ನಗಬಹುದು. ಕಾರ್ ರೇಸು! ಅದೂ ಅಮೆರಿಕದ್ದು! ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ ಹತ್ತಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡದ್ದು ಬಿಟ್ಟರೆ ನನಗೂ ರೇಸಿಗೂ ಯಾವ ಸಂಬಂಧವೂ ಇಲ್ಲ. ಆದರೂ ಬರೆಯಬೇಕೆನ್ನಿಸಿತು, ಯಾಕೆಂದರೆ ಈ ರೇಸು ನನ್ನನ್ನು ಸುತ್ತಿ ಸುತ್ತಿ ಕೊನೆಗೆ ಸೇಡಮ್ಮಿಗೇ ತಂದು ಬಿಟ್ಟಿತು.

ಆದದ್ದಿಷ್ಟು. ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮ ಕಾಕಾನ ಮಗ ಅಮೆರಿಕದ ಶಾರ್ಲೆಟ್ಟಿನಿಂದ ಬಂದಿದ್ದ. ಅಲ್ಲಿ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ತಲೆಯ ಮೇಲೆ ಟೊಯೋಟಾ ಅಂತ ಬರೆದ ರೇಸಿನ ಟೋಪಿ. ಆ ಟೋಪಿ ಹಾಕಿಕೊಂಡು ಆಫೀಸಿಗೆ ಹೋದರೆ ಅಲ್ಲಿಯ ಹಳೆಯ ಸಹೋದ್ಯೋಗಿಯೊಬ್ಬರು ಈಗಲೂ ಮುಖ ಸಿಂಡರಿಸುತ್ತಾರಂತೆ.

"ಇದು ನಮ್ಮ ಕಾರಲ್ಲ ಅಂತಾನ ನೋಡಣ್ಣಾ. ಅವನ ಮನಿ ಮುಂದ ಇವತ್ತಿಗೂ ಫೋರ್ಡ್ ಝಂಡಾ ಅದ," ಅಂದ.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ತಟ್ಟನೆ ಹೇಳಿದರು: "ಅವ ಹೇಳಿದ್ದು ಖರೇನೇ ಅದ. ಹೊರಗಿನವ ಎಷ್ಟು ದಿನ ಇದ್ರೂ ಹೊರಗಿನವನೇ. ನಮ್ಮ ಕಡಿ ನೋಡಿಲ್ಲೇನು?"

ಕಾಕಾ ಯಾಕೆ ಹಾಗಂದರು ಅಂತ ಆಮೇಲೆ ಹೇಳುತ್ತೇನೆ. ಮೊದಲು ರೇಸಿನ ಕಥೆ.

ನ್ಯಾಸ್ಕಾರ್ ಅನ್ನುವುದು ಅಮೆರಿಕದ ಸ್ಟಾಕ್ ಕಾರ್ ರೇಸಿನ ಸಂಸ್ಥೆ. ಸ್ಟಾಕ್ ಕಾರ್ ಅಂದರೆ ಶೋರೂಮಿನಲ್ಲಿ ಮಾರುವಂಥದ್ದೇ ಕಾರು. ಫಾರ್ಮುಲಾ ಒನ್ನಿನ ಹಾಗೆ ರಾಕೆಟ್ಟಿನಂಥ ಗಾಡಿ ಅಲ್ಲ. 1947ರ ಡಿಸೆಂಬರಿನಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಬಿಲ್ ಫ್ರಾನ್ಸ್ ಎಂಬಾತ ಒಂದಷ್ಟು ಜನರನ್ನು ಕೂಡಿಸಿ ಮಾತಾಡಿ, 1948ರಲ್ಲಿ ಸಂಸ್ಥೆ ಕಟ್ಟಿದ. ದಕ್ಷಿಣದ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರಿಂದ ತಪ್ಪಿಸಿಕೊಳ್ಳಲು ಕಾರುಗಳ ಎಂಜಿನ್, ಸ್ಪ್ರಿಂಗ್ ಬದಲಾಯಿಸಿ ರಾತ್ರೋರಾತ್ರಿ ಓಡಿಸುತ್ತಿದ್ದರು. ಆಟದ ಬೇರಿನಲ್ಲಿ ಈ ಓಟವೂ ಇದೆ.

1949ರ ಜೂನ್ 19ರಂದು ಶಾರ್ಲೆಟ್ಟಿನಲ್ಲಿ ಶೋರೂಮ್ ಕಾರುಗಳ ಮೊದಲ ರೇಸು. ಗೆರೆ ಮೊದಲು ದಾಟಿದವನು ಗ್ಲೆನ್ ಡನವೇ. ರೇಸಾದ ಮೇಲೆ ಕಾರನ್ನು ತಪಾಸಣೆ ಮಾಡಿದರು. ಅದು ಕಳ್ಳಭಟ್ಟಿ ಸಾಗಿಸಿದ ಫೋರ್ಡ್, ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದರು. ಗೆಲುವು ರದ್ದು! ಹಿಂದೆ ಇದ್ದ ಜಿಮ್ ರೋಪರ್‌ಗೆ ಬಹುಮಾನ ಹೋಯಿತು. ಕಾರಿನ ಮಾಲೀಕ ಕೋರ್ಟಿಗೆ ಹೋಗಿ ಸೋತ. ಈ ಘಟನೆ ನೆನಪಿಟ್ಟುಕೊಳ್ಳಿ, ನನ್ನ ವಾದಕ್ಕೆ ಇದೇ ಅಡಿಪಾಯ.

ಹೊರದೇಶದ ಕಾರು ಆ ಕಾಲದಲ್ಲೇ ಒಮ್ಮೆ ಗೆದ್ದಿತ್ತು. 1954ರ ಜೂನಿನಲ್ಲಿ ನ್ಯೂಜೆರ್ಸಿಯ ಲಿಂಡನ್ ವಿಮಾನ ನಿಲ್ದಾಣದಲ್ಲಿ ನಡೆದ ರೇಸಿನಲ್ಲಿ ಆಲ್ ಕೆಲ್ಲರ್ ಎಂಬಾತ ಬ್ರಿಟನ್ನಿನ ಜಾಗ್ವಾರ್ ಓಡಿಸಿ ಗೆದ್ದ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಮೇಲಿನ ದರ್ಜೆಯ ರೇಸಿನಲ್ಲಿ ಫೋರ್ಡ್, ಶೆವ್ರೊಲೆ, ಡಾಡ್ಜ್ ಇಂಥ ಮನೆಯವರದ್ದೇ ದರ್ಬಾರು. ಭಾನುವಾರ ಗೆದ್ದ ಕಾರು ಸೋಮವಾರ ಮಾರಾಟವಾಗುತ್ತದೆ ಅನ್ನುವುದು ಅಲ್ಲಿಯ ಮಾತು. ಅಪ್ಪ ಫೋರ್ಡ್ ಅಂದರೆ ಮಗನೂ ಫೋರ್ಡ್. ನಮ್ಮಲ್ಲಿ ಪಕ್ಷ ಇದ್ದ ಹಾಗೆ :)

ಇಂಥ ಮನೆಯೊಳಗೆ ಟೊಯೋಟಾ ಹಿತ್ತಲ ಬಾಗಿಲಿನಿಂದ ಬಂತು. ಮೊದಲು 2000ದಲ್ಲಿ ಒಂದು ಸಣ್ಣ ಸರಣಿ. 2004ರಲ್ಲಿ ಪಿಕಪ್ ಟ್ರಕ್‌ಗಳ ಸರಣಿ, 2006ರಲ್ಲಿ ಅದರ ಚಾಂಪಿಯನ್. ಅದೇ 2006ರ ಜನವರಿಯಲ್ಲಿ "ಮುಂದಿನ ವರ್ಷ ಕ್ಯಾಮ್ರಿ ತಗೊಂಡು ಮೇಲಿನ ದರ್ಜೆಗೆ ಬರುತ್ತೇವೆ" ಅಂತ ಘೋಷಿಸಿತು. ಅಭಿಮಾನಿಗಳು ಕುದಿದರು. ಪರ್ಲ್ ಹಾರ್ಬರಿನಿಂದ ಹಿಡಿದು ಎಲ್ಲವನ್ನೂ ನೆನಪು ಮಾಡಿಕೊಂಡರು.

ಈಗ ಮಜಾ ನೋಡಿ. ರಸ್ತೆಯ ಮೇಲೆ ಓಡುವ ಆ "ವಿದೇಶಿ" ಕ್ಯಾಮ್ರಿ ತಯಾರಾಗುತ್ತಿದ್ದದ್ದು ಅಮೆರಿಕದ್ದೇ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ, 1988ರಿಂದ. "ಸ್ವದೇಶಿ" ಫೋರ್ಡ್ ಫ್ಯೂಶನ್ ಬರುತ್ತಿದ್ದದ್ದು ಮೆಕ್ಸಿಕೋದ ಎರ್ಮೊಸಿಯೋದಿಂದ. ಶೆವ್ರೊಲೆ ಇಂಪಾಲಾ ಕೆನಡಾದ ಓಶಾವಾದಿಂದ. ಡಾಡ್ಜ್ ಚಾರ್ಜರ್ ಕೂಡ ಕೆನಡಾದ ಬ್ರಾಂಪ್ಟನ್ನಿನಿಂದ, ಸಾಲದ್ದಕ್ಕೆ ಘೋಷಣೆಯ ಹೊತ್ತಿಗೆ ಡಾಡ್ಜ್ ಕಂಪನಿಯೇ ಜರ್ಮನಿಯ ಡೈಮ್ಲರ್ ಕೈಯಲ್ಲಿತ್ತು! ಹಾಗಾದರೆ ಹೊರಗಿನವ ಯಾರು ಸ್ವಾಮಿ?

ಇನ್ನು ರೇಸಿನ ಕಾರಿನ ಮಾತಂತೂ ಕೇಳಲೇಬೇಡಿ. ಅದರಲ್ಲಿ ಶೋರೂಮಿನ ಕಾರು ಹೆಸರಿಗಷ್ಟೇ. ಆಗ ಉಕ್ಕಿನ ಕೊಳವೆ ಬೆಸೆದು ತಂಡಗಳೇ ಚೌಕಟ್ಟು ಕಟ್ಟುತ್ತಿದ್ದರು, ಹೆಚ್ಚಿನವು ಶಾರ್ಲೆಟ್ಟಿನ ಸುತ್ತಮುತ್ತಲೇ. ಕಾರ್ಬ್ಯುರೇಟರಿನ ಹಳೇ ಕಾಲದ ವಿ-8 ಎಂಜಿನ್ನೇ ಇರಬೇಕು ಅಂತ ಆಗ ನಿಯಮ ಇತ್ತು. ಟೊಯೋಟಾ ಅಂಥ ಎಂಜಿನ್ನನ್ನು ಯಾವ ಕಾರಿನಲ್ಲೂ ಮಾರುತ್ತಿರಲಿಲ್ಲ. ರೇಸಿಗೋಸ್ಕರ ಕ್ಯಾಲಿಫೋರ್ನಿಯಾದಲ್ಲಿ ಕೂತು ಹೊಸದಾಗಿ ಹಳೇ ಎಂಜಿನ್ ಮಾಡಿತು. ಅಳಿಯ ಮಾವನ ಮನೆಗೆ ಬಂದು ಅವರ ಊಟಕ್ಕೆ ಒಗ್ಗಿಕೊಂಡ ಹಾಗೆ.

ಹಾಗಂತ ಕುದಿದವರೆಲ್ಲ ಮೂರ್ಖರು ಅನ್ನಲಾರೆ. ಅವರ ಭಯಕ್ಕೆ ಎರಡು ಕಾರಣ ಇದ್ದವು. ಒಂದು ದುಡ್ಡು. ಟೊಯೋಟಾ ದುಡ್ಡು ಸುರಿದು ಒಳ್ಳೆಯ ಎಂಜಿನಿಯರುಗಳನ್ನು, ಚಾಲಕರನ್ನು ಎಳೆದುಕೊಂಡರೆ ಸಣ್ಣ ತಂಡಗಳು ಬದುಕುವುದು ಹೇಗೆ ಅಂತ ಫೋರ್ಡ್ ಪಾಳಯದ ಜಾಕ್ ರೌಶ್ ಬಹಿರಂಗವಾಗಿಯೇ ಕೇಳಿದ್ದರು. ಎರಡನೆಯದು ಹೊಟ್ಟೆ. ಆ ವರ್ಷಗಳಲ್ಲಿ ಮಿಶಿಗನ್ನಿನ ಕಾರ್ಖಾನೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಳ್ಳುತ್ತಿದ್ದರು. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದವು. ಅಣ್ಣನ ಕೆಲಸ ಹೋದವನಿಗೆ "ಕ್ಯಾಮ್ರಿ ಕೆಂಟಕಿಯದ್ದಪ್ಪಾ" ಅಂತ ಲೆಕ್ಕ ಹೇಳಿದರೆ ಸಿಟ್ಟು ಇಳಿಯುತ್ತದೆಯೇ?

ಆದರೆ ಆಮೇಲೆ ನಡೆದದ್ದು ನೋಡಿ. 2007ರ ಫೆಬ್ರುವರಿ, ಡೇಟೋನಾದಲ್ಲಿ ಟೊಯೋಟಾದ ಮೊದಲ ದೊಡ್ಡ ಹಬ್ಬ. ಮೈಕಲ್ ವಾಲ್ಟ್ರಿಪ್ ಕಾರಿನ ಎಂಜಿನ್ ಒಳಗೆ ಇರಬಾರದ ಪದಾರ್ಥ ಸಿಕ್ಕಿಬಿತ್ತು. ಒಂದು ಲಕ್ಷ ಡಾಲರ್ ದಂಡ, 100 ಅಂಕ ಕಡಿತ, ಇಬ್ಬರು ಹಿರಿಯರು ಅಮಾನತು. ಜಗತ್ತಿನ ದೊಡ್ಡ ಕಂಪನಿ ಅಂತ ಯಾರೂ ಮುಲಾಜು ನೋಡಲಿಲ್ಲ. ಆ ಇಡೀ ವರ್ಷ ಟೊಯೋಟಾಕ್ಕೆ ಒಂದೂ ಗೆಲುವಿಲ್ಲ. ದುಡ್ಡೊಂದೇ ಸಾಲುವುದಿಲ್ಲ ಅಂತ ಗೊತ್ತಾಯಿತು.

2008ರಲ್ಲಿ ಜೋ ಗಿಬ್ಸ್ ತಂಡ ಶೆವ್ರೊಲೆ ಬಿಟ್ಟು ಟೊಯೋಟಾಕ್ಕೆ ಬಂತು. ಮಾರ್ಚ್ 9ರಂದು ಅಟ್ಲಾಂಟಾದಲ್ಲಿ ಕೈಲ್ ಬುಶ್ ಗೆದ್ದ. ಕೆಲ್ಲರ್‌ನ ಜಾಗ್ವಾರ್ ನಂತರ, 54 ವರ್ಷ ಆದ ಮೇಲೆ! ಅದೇ ಆಗಸ್ಟಿನಲ್ಲಿ ಇನ್ನೊಂದು ತಮಾಷೆ. ಎರಡನೇ ದರ್ಜೆಯ ಸರಣಿಯಲ್ಲಿ ಟೊಯೋಟಾ ಬಲ ಹೆಚ್ಚಾಯಿತೆಂದು ನ್ಯಾಸ್ಕಾರ್ ಅದರ ಎಂಜಿನ್ ಕಟ್ಟಿಹಾಕಿತ್ತು. ರೇಸಿನ ನಂತರ ಎಂಜಿನ್ ಬಲ ಅಳೆಯುವಾಗ ಗಿಬ್ಸ್ ತಂಡದ ಹುಡುಗರು ಎಕ್ಸಲರೇಟರ್ ಪೆಡಲಿನ ಕೆಳಗೆ ಅಯಸ್ಕಾಂತ ಇಟ್ಟಿದ್ದರು. ಪೆಡಲ್ ಪೂರ್ತಿ ಒತ್ತದೆ ಬಲ ಕಡಿಮೆ ಕಾಣಲಿ ಅಂತ! ನಮ್ಮ ಕಡೆ ತೊಗರಿ ತೂಗುವಾಗ ತಕ್ಕಡಿಯಲ್ಲಿ ಮಾಡುವ ಕೈಚಳಕ ನೆನಪಾಗಿ ನಕ್ಕುಬಿಟ್ಟೆ. ಅವರೂ ಸಿಕ್ಕಿಬಿದ್ದರು, ಶಿಕ್ಷೆ ಆಯಿತು. ಗಮನಿಸಿ, ಕಾರಿನ ಹೆಸರು ಜಪಾನಿನದ್ದು, ಅಯಸ್ಕಾಂತ ಇಟ್ಟ ತಂಡ ಅಪ್ಪಟ ಅಮೆರಿಕದ್ದು.

2015ರಲ್ಲಿ ಕೈಲ್ ಬುಶ್ ಕ್ಯಾಮ್ರಿಯಲ್ಲಿ ಚಾಂಪಿಯನ್ ಆದ. 2016ರಲ್ಲಿ ಡೆನ್ನಿ ಹ್ಯಾಮ್ಲಿನ್ ಒಂದು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಡೇಟೋನಾ 500 ಗೆದ್ದ. ಇನ್ನು ಮನೆಮಗ ಡಾಡ್ಜ್? 2012ರಲ್ಲಿ ಚಾಂಪಿಯನ್‌ಶಿಪ್ ಗೆದ್ದು, ಅದೇ ವರ್ಷದ ಕೊನೆಗೆ ಗಂಟುಮೂಟೆ ಕಟ್ಟಿ ಆ ದರ್ಜೆಯಿಂದ ಹೊರಟುಹೋಯಿತು. ಹೊರಗಿನವ ಉಳಿದ, ಮನೆಯವ ಹೋದ.

ಈಗ ಕಾಕಾನ ಮಾತಿಗೆ ಬರುತ್ತೇನೆ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ನೆಲದಡಿ ಸುಣ್ಣದಕಲ್ಲು. ಅದರ ಮೇಲೆ ಸಿಮೆಂಟಿನ ರೇಸು. ವಾಡಿಯ ಎಸಿಸಿಗೆ 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು, 2022ರಲ್ಲಿ ಅದಾನಿಗೆ ಮಾರಿ ಹೋಯಿತು. ಸೇಡಮ್ಮಿನ ವಾಸವದತ್ತಾ 2025ರಲ್ಲಿ ಅಲ್ಟ್ರಾಟೆಕ್ ಪಾಲಾಯಿತು. ಚಿಂಚೋಳಿ ತಾಲೂಕಿನ ಛತ್ರಸಾಲಕ್ಕೆ ಫ್ರಾನ್ಸಿನ ವಿಕಾ ಕಂಪನಿ ಬಂತು. ಸಿವಿಲ್ ಓದಿದವರಿಗೆ ಸಿಮೆಂಟ್ ಗಟ್ಟಿಯಾಗುವ ಹೊತ್ತು ಅಳೆಯುವ "ವಿಕಾಟ್ ಸೂಜಿ" ಗೊತ್ತಿರುತ್ತದೆ, ಆ ಸೂಜಿಯ ಲೂಯಿ ವಿಕಾನ ಮಗ ಕಟ್ಟಿದ ಕಂಪನಿಯೇ ಅದು. ನಮ್ಮ ಹುಡುಗರು ಲ್ಯಾಬಿನಲ್ಲಿ ಹಿಡಿದ ಸೂಜಿಯ ಮನೆತನವೇ ನಮ್ಮ ನೆಲಕ್ಕೆ ಬಂದಿತು!

ಕಾಕಾನ ನಾಲ್ಕೆಕರೆ ತೊಗರಿ ಹೊಲ ಒಂದು ಕಾರ್ಖಾನೆಗೆ ಹೋಗಿದೆ. ಯಾವುದು ಅಂತ ಬೇಡ. ಮನೆಗೊಂದು ನೌಕರಿ ಅಂದಿದ್ದರು. ಸಿಕ್ಕದ್ದು ಠೇಕೇದಾರನ ಕೈಕೆಳಗೆ ಕೂಲಿ, ಅದೂ ಎರಡು ವರ್ಷ. ಆ ಮಾಲೀಕರು ನಮ್ಮ ದೇಶದವರೇ. ಹಾಗಾದರೆ ಕಾಕಾನ ಪಾಲಿಗೆ ಮುಂಬಯಿಗೂ ಫ್ರಾನ್ಸಿಗೂ ಏನು ವ್ಯತ್ಯಾಸ?

ನನಗನ್ನಿಸುವುದು ಇಷ್ಟೇ. ಬಂದವನು ಎಲ್ಲಿಯವನು ಅನ್ನುವುದು ಎರಡನೇ ಪ್ರಶ್ನೆ. ರೇಸಿನ ನಿಯಮದ ಪುಸ್ತಕ ಯಾರ ಕೈಯಲ್ಲಿದೆ, ರೇಸಾದ ಮೇಲೆ ಎಂಜಿನ್ ಬಿಚ್ಚಿ ನೋಡುವವರು ಇದ್ದಾರೆಯೇ ಅನ್ನುವುದು ಮೊದಲ ಪ್ರಶ್ನೆ. 1949ರಲ್ಲಿ ಮನೆಮಗನ ಸ್ಪ್ರಿಂಗ್ ನೋಡಿದ್ದರಿಂದಲೇ 2007ರಲ್ಲಿ ಹೊರಗಿನವನ ಎಂಜಿನ್ ನೋಡುವ ಧೈರ್ಯ, ಅಧಿಕಾರ ಅವರಿಗೆ ಇತ್ತು.

ನಮ್ಮಲ್ಲಿ? ಸ್ಥಳೀಯರಿಗೆ ಕೆಲಸದ ಬಗ್ಗೆ ಸರೋಜಿನಿ ಮಹಿಷಿ ವರದಿ ಬಂದದ್ದು ಎಂಬತ್ತರ ದಶಕದಲ್ಲಿ. 371(ಜೆ) ನಮ್ಮ ಭಾಗಕ್ಕೆ ಸರ್ಕಾರಿ ನೌಕರಿ, ಸೀಟುಗಳಲ್ಲಿ ಮೀಸಲಾತಿ ಕೊಟ್ಟಿತು, ಖಾಸಗಿ ಕಾರ್ಖಾನೆಯ ಗೇಟಿನ ಹತ್ತಿರ ಅದು ನಿಂತುಬಿಡುತ್ತದೆ. 2024ರ ಜುಲೈಯಲ್ಲಿ ಖಾಸಗಿ ಕೆಲಸಕ್ಕೂ ಮೀಸಲಾತಿ ಅಂತ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿಯಿತು. ಅಂದರೆ ಓಟ ಶುರುವಾಗಿ ದಶಕಗಳಾದವು, ನಿಯಮ ಇನ್ನೂ ಚರ್ಚೆಯಲ್ಲೇ ಇದೆ.

ಕೇವಲ ಟೊಯೋಟಾ ಹೊಗಳಿದೆ ಅನ್ನಬೇಡಿ. ಅಮೆರಿಕದಲ್ಲಿ ಕ್ಯಾಮ್ರಿ ಘೋಷಣೆ ಮಾಡಿದ ಅದೇ 2006ರ ಜನವರಿಯಲ್ಲಿ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್ ನಡೆದಿತ್ತು. 2020ರ ಕೊನೆಗೆ ಮತ್ತೆ ಆಯಿತು. ಕಂಪನಿ ಒಂದೇ. ಅಲ್ಲಿ ಅಳಿಯನ ಹಾಗೆ ಬಾಗಿದ್ದು, ಇಲ್ಲಿ ಸೆಟೆದು ನಿಂತದ್ದು. ಕಂಪನಿಗೆ ಗುಣ ಅಂತ ಬೇರೆ ಇರುವುದಿಲ್ಲ, ನಾವು ಎಷ್ಟು ಬಿಗಿಯಾಗಿ ಹಿಡಿಯುತ್ತೇವೋ ಅಷ್ಟೇ ಅದರ ಗುಣ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ತಮ್ಮನ ಟೋಪಿ ತೆಗೆದು ತಿರುಗಿಸಿ ನೋಡಿ, "ಹಂಗಿದ್ರ ಆ ತಪಾಸಣಿ ಮಾಡೋರಿಗಿ ಒಮ್ಮಿ ನಮ್ಮ ಕಡಿ ಕರ್ಕೊಂಡ್ ಬಾರಪಾ," ಅಂದರು.

ನಗು ಬಂತು, ಜೊತೆಗೆ ಉತ್ತರ ಬರಲಿಲ್ಲ. ನಿಮ್ಮ ಊರಿನಲ್ಲೂ ಇಂಥ ರೇಸು ನಡೆದಿರಬಹುದು. ಅಲ್ಲಿ ಎಂಜಿನ್ ಬಿಚ್ಚಿ ನೋಡುವವರು ಯಾರು? ಹೇಳಿ, ಕೇಳುವ ಆಸೆ ಇದೆ.